ಬಸ್ಸಿನಲ್ಲಿ ಮೈಸೂರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ, ತಿಂಗಳಿಗೆ ಒಂದೆರಡು ಸಲ ಬೆಂಗಳೂರು ಎಂದು ವರ್ಷಗಟ್ಟಲೆ ಈ ದಾರಿಯಲ್ಲಿ ಓಡಾಡಿದ್ದೇನೆ. ನೆಂಟರು ಫೋನಿನಲ್ಲಿ, ಗುರುತಿಲ್ಲದವರು ನಿಲ್ದಾಣದಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲಿ ಹತ್ತಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಇಳಿಯಬೇಕು ಎಂಬುದನ್ನು ಬಸ್ಸು ಹತ್ತುವ ಮೊದಲೇ ತೀರ್ಮಾನಿಸಿಕೊಂಡವರು ಕಡಿಮೆ. ಈ ರಸ್ತೆಯಲ್ಲಿ ಪ್ರಯಾಣಿಕರು ಪಡುವ ಪಾಡಿನ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದ ಉತ್ತರಗಳು ಮತ್ತೆ ಮತ್ತೆ ಆ ಮಾತಿಗೇ ತಿರುಗಿದರೆ ಓದುವವರು ಬೇಸರಿಸಬಾರದು.

ಬೆಂಗಳೂರಿನಲ್ಲಿ ಮೈಸೂರಿನ ಬಸ್ಸನ್ನು ಎಲ್ಲಿ ಹತ್ತಬೇಕು?

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ. ಎಲ್ಲರೂ ಮೆಜೆಸ್ಟಿಕ್ ಎಂದೇ ಕರೆಯುವ ಕೆಂಪೇಗೌಡ ಬಸ್ ನಿಲ್ದಾಣದಿಂದಲೂ ಕೆಲವು ಬಸ್ಸುಗಳು ಹೊರಡುತ್ತವೆಯಾದರೂ, ಮೈಸೂರು, ಮಂಡ್ಯ, ಕೊಡಗಿನ ಕಡೆಗೆ ಹೋಗುವ ಬಸ್ಸುಗಳು ಹೆಚ್ಚಾಗಿ ಸಿಗುವುದು ಸ್ಯಾಟಲೈಟಿನಲ್ಲೇ. ಮುಂಗಡವಾಗಿ ಟಿಕೆಟ್ ಮಾಡಿಸಿದವರು ಅದರಲ್ಲಿ ನಮೂದಾಗಿರುವ ಹತ್ತುವ ಸ್ಥಳವನ್ನು ಇನ್ನೊಮ್ಮೆ ಓದಿಕೊಳ್ಳಬೇಕು, ಏಕೆಂದರೆ ಟಿಕೆಟ್ ಮೆಜೆಸ್ಟಿಕ್ಕಿನದಾಗಿದ್ದು ತಾವು ಸ್ಯಾಟಲೈಟಿನಲ್ಲಿ ಕಾಯುತ್ತ ನಿಂತವರನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಮೆಟ್ರೋದಲ್ಲಿ ಬರುವವರು ನೇರಳೆ ಮಾರ್ಗದ ದೀಪಾಂಜಲಿ ನಗರ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ಬರಬಹುದು. ‘ಮೈಸೂರು ರಸ್ತೆ’ ಎಂಬ ಹೆಸರಿನ ಮೆಟ್ರೋ ನಿಲ್ದಾಣ ಅದರ ಮುಂದಿನದು. ಹೆಸರನ್ನು ನಂಬಿ ಅಲ್ಲಿಯವರೆಗೆ ಹೋದವರು ಚೀಲ ಹೊತ್ತುಕೊಂಡು ಹಿಂದಕ್ಕೆ ನಡೆಯಬೇಕಾಗುತ್ತದೆ. ಕೆಂಗೇರಿಯಲ್ಲಿಯೂ ಹಲವು ಬಸ್ಸುಗಳು ನಿಲ್ಲುತ್ತವೆ, ಆದರೆ ಶುಕ್ರವಾರ ಸಂಜೆ ಅಥವಾ ಹಬ್ಬದ ಹಿಂದಿನ ದಿನ ಅಲ್ಲಿ ಹತ್ತಿದವರಿಗೆ ಸೀಟು ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

‘ತಡೆರಹಿತ’ ಎಂಬ ಬೋರ್ಡಿನ ಅರ್ಥವೇನು? ಎಲ್ಲ ಬಸ್ಸೂ ಮೈಸೂರಿಗೇ ಹೋಗುವುದಲ್ಲವೇ?

ಹೋಗುವುದು ಮೈಸೂರಿಗೇ, ಆದರೆ ಹೋಗುವ ದಾರಿ ಬೇರೆ. ಈ ವ್ಯತ್ಯಾಸ ಅರ್ಥವಾಗಬೇಕಾದರೆ ರಸ್ತೆ ಹೇಗಿದೆ ಎಂಬುದನ್ನು ಸ್ವಲ್ಪ ತಿಳಿಯಬೇಕು.

ಹಳೆಯ ಬೆಂಗಳೂರು–ಮೈಸೂರು ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹೀಗೆ ಊರೂರಿನ ಮೇಲೆಯೇ ಹಾದುಹೋಗುತ್ತಿತ್ತು. ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಈ ಊರುಗಳೆಲ್ಲ ಬೈಪಾಸಿನ ಆಚೆಗೆ ಉಳಿದವು. ಜನರ ಬಾಯಲ್ಲಿ ಅದು ‘ದಶಪಥ’. ಹತ್ತು ಪಥಗಳಲ್ಲಿ ನಡುವಿನ ಆರು ಪಥಗಳು ವೇಗದ ವಾಹನಗಳಿಗೆ, ಎರಡೂ ಬದಿಯ ಎರಡೆರಡು ಪಥಗಳು ಸರ್ವಿಸ್ ರಸ್ತೆ. ನಡುವಿನ ಆರು ಪಥಗಳಿಗೆ ಬೇಲಿಯಿದೆ, ಹೊಕ್ಕು ಹೊರಬರಲು ನಿಗದಿತ ಜಾಗಗಳಿವೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ.

ತಡೆರಹಿತ ಬಸ್ಸು ಈ ಆರು ಪಥಗಳನ್ನು ಹಿಡಿದು, ನಡುವಿನ ಯಾವ ಊರಿಗೂ ಹೋಗದೆ ಮೈಸೂರು ಸೇರುತ್ತದೆ. ‘ಮಂಡ್ಯ ಮಾರ್ಗ’ ಎಂದೋ, ನಡುವಿನ ಊರುಗಳ ಹೆಸರುಗಳನ್ನೋ ಬೋರ್ಡಿನಲ್ಲಿ ಹಾಕಿಕೊಂಡಿರುವ ಬಸ್ಸು ಹಳೆಯ ದಾರಿಯಲ್ಲಿ ಊರೊಳಗಿನ ನಿಲ್ದಾಣಗಳಿಗೆ ಹೋಗಿ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣದ, ಒಂದೇ ಬಗೆಯ ಬಸ್ಸುಗಳಾಗಿರಬಹುದು. ಬೇರೆ ಮಾಡಿ ತೋರಿಸುವುದು ಮುಂದಿನ ಗಾಜಿನ ಮೂಲೆಯಲ್ಲಿ ಇಟ್ಟಿರುವ ಆ ಒಂದು ಬೋರ್ಡು, ಇಲ್ಲವೇ ಬಾಗಿಲಲ್ಲಿ ನಿಂತು ‘ಮೈಸೂರ್ ನಾನ್ ಸ್ಟಾಪ್’ ಎಂದು ಕೂಗುವ ನಿರ್ವಾಹಕರ ದನಿ. ಮೈಸೂರಿಗೆ ಮಾತ್ರ ಹೋಗಬೇಕಾದವರು ತಡೆರಹಿತವನ್ನು ಹತ್ತುವುದೇ ಸರಿ. ನಡುವೆ ಇಳಿಯಬೇಕಾದವರು ಅದರ ಮೆಟ್ಟಿಲನ್ನೂ ತುಳಿಯಬಾರದು.

ತಡೆರಹಿತ ಬಸ್ಸೇ ಬೇಗ ಹೋಗುತ್ತದಲ್ಲ, ಬೈಪಾಸಿನಲ್ಲಿ ಇಳಿದು ಮಂಡ್ಯಕ್ಕೆ ಹೋದರಾಗದೇ?

ಆಗದು ಎಂದೇ ಹೇಳುತ್ತೇನೆ. ನನ್ನದೇ ಒಂದು ಅನುಭವವನ್ನು ಇಲ್ಲಿ ಬರೆಯುವುದು ಒಳ್ಳೆಯದು.

ಹೆದ್ದಾರಿ ಶುರುವಾದ ವರ್ಷದ ಮಳೆಗಾಲ. ನಾನೂ ನನ್ನ ತಾಯಿಯೂ ಬೆಂಗಳೂರಿನಲ್ಲಿ ಆಸ್ಪತ್ರೆಯ ಕೆಲಸ ಮುಗಿಸಿಕೊಂಡು ಸಂಜೆ ನಿಲ್ದಾಣಕ್ಕೆ ಬಂದೆವು. ಹೊರಟು ನಿಂತಿದ್ದ ಒಂದು ಬಸ್ಸಿಗೆ ಬೋರ್ಡು ನೋಡದೆ ಹತ್ತಿಬಿಟ್ಟೆವು. ಟಿಕೆಟ್ ಕೊಡುವಾಗ ನಿರ್ವಾಹಕರು, ‘ಅಮ್ಮಾ, ಇದು ಮಂಡ್ಯಕ್ಕೆ ಹೋಗಲ್ಲ, ಬೈಪಾಸಲ್ಲಿ ಬೇಕಾದ್ರೆ ಇಳಿಸ್ತೀನಿ’ ಎಂದರು. ನಾವು ಒಪ್ಪಿಕೊಂಡೆವು. ಇಳಿದಾಗ ಕತ್ತಲಾಗಿತ್ತು. ಲಾರಿಗಳು ಪಕ್ಕದಲ್ಲೇ ಹಾದುಹೋಗುವಾಗ ಸೀರೆಯ ಸೆರಗು ಮುಖಕ್ಕೆ ಬಡಿಯುತ್ತಿತ್ತು, ಬೇಲಿ ದಾಟುವ ಜಾಗ ಎಲ್ಲಿದೆಯೆಂದು ಮೊಬೈಲಿನ ಬೆಳಕಿನಲ್ಲಿ ಹುಡುಕುತ್ತ, ಮಂಡಿ ನೋವಿನ ತಾಯಿಯನ್ನು ಕೈಹಿಡಿದು ನಡೆಸಿದೆ. ಕರೆದುಕೊಂಡು ಹೋಗಲು ನನ್ನ ತಮ್ಮ ಬೈಕಿನಲ್ಲಿ ಬಂದಿದ್ದ, ಆದರೆ ಬೈಕನ್ನು ನಾವಿದ್ದಲ್ಲಿಗೆ ತರುವಂತಿರಲಿಲ್ಲ. ಅವನು ಸರ್ವಿಸ್ ರಸ್ತೆಯಲ್ಲಿ, ನಾವು ಬೇಲಿಯ ಈಚೆಗೆ. ಅರ್ಧ ಗಂಟೆ ಉಳಿಸಲು ಹೋಗಿ ಒಂದೂವರೆ ಗಂಟೆ ಕಳೆದೆವು. ಆ ನಿರ್ವಾಹಕರದು ತಪ್ಪಿರಲಿಲ್ಲ, ಅವರು ಹೇಳಿಯೇ ಹೇಳಿದ್ದರು.

ಮಂಡ್ಯ, ಮದ್ದೂರು, ಚನ್ನಪಟ್ಟಣ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಊರೊಳಗೆ ಹೋಗುವ ಬಸ್ಸಿಗಾಗಿ ಇಪ್ಪತ್ತು ನಿಮಿಷ ಕಾಯಿರಿ. ವಯಸ್ಸಾದವರು, ಮಕ್ಕಳು, ಸಾಮಾನು ಜೊತೆಗಿದ್ದರಂತೂ ಬೇರೆ ಯೋಚನೆಯೇ ಬೇಡ.

ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕಾಗುತ್ತದೆ?

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರ್. ತಡೆರಹಿತ ಬಸ್ಸು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ, ಊರೂರಿನ ಮೇಲೆ ಹೋಗುವ ಬಸ್ಸಿಗೆ ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯಬೇಕು. ಹೆದ್ದಾರಿಯ ಮೇಲೆ ಉಳಿಸಿದ ಹೊತ್ತೆಲ್ಲ ಸ್ಯಾಟಲೈಟಿನಿಂದ ಕೆಂಗೇರಿ ದಾಟುವುದರೊಳಗೆ ಕರಗಿಹೋಗುವ ಸಂಜೆಗಳೂ ಇವೆ. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್, ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು. ಪರೀಕ್ಷೆ, ಸಂದರ್ಶನ, ಕೋರ್ಟಿನ ವಾಯಿದೆ ಇರುವವರು ಒಂದು ಗಂಟೆಯನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಕೆಂಪು ಬಸ್ಸು, ಅಶ್ವಮೇಧ, ರಾಜಹಂಸ, ಐರಾವತ: ಯಾವುದನ್ನು ಆರಿಸಿಕೊಳ್ಳಬೇಕು?

ಸರ್ಕಾರಿ ಬಸ್ಸಿನ ಕಥೆ ಈ ಭಾಗದಲ್ಲಿ ಹಳೆಯದು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳೊಂದಿಗೆ ಆರಂಭವಾಯಿತು, 1961ರಲ್ಲಿ ಅದು ನಿಗಮವಾಯಿತು, ಇಂದಿನ ಕೆಎಸ್‌ಆರ್‌ಟಿಸಿ ಅದೇ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ‘ಗೌರ್ಮೆಂಟ್ ಬಸ್ಸು’ ಎಂದರೆ ಕೆಂಪು ಬಸ್ಸು. ಕೆಂಪು ಬಸ್ಸಿನಲ್ಲಿ ದರ ಕಡಿಮೆ, ಸಂಖ್ಯೆ ಹೆಚ್ಚು, ಮುಂಗಡ ಬುಕಿಂಗ್ ಇಲ್ಲದೆಯೂ ಹತ್ತಬಹುದು. 2024ರಲ್ಲಿ ಬಂದ ಅಶ್ವಮೇಧ ಕೂಡ ವೇಗದೂತ (ಎಕ್ಸ್‌ಪ್ರೆಸ್) ವರ್ಗದ್ದೇ, ಸೀಟು ಮತ್ತು ಕಿಟಕಿ ಸ್ವಲ್ಪ ಅನುಕೂಲವಾಗಿವೆ. ರಾಜಹಂಸದಲ್ಲಿ ಸೀಟನ್ನು ಹಿಂದಕ್ಕೆ ಬಾಗಿಸಿಕೊಳ್ಳಬಹುದು, ಹವಾನಿಯಂತ್ರಣ ಇರುವುದಿಲ್ಲ. ಐರಾವತ ಹವಾನಿಯಂತ್ರಿತ. ಇವುಗಳ ಜೊತೆಗೆ ಇವಿ ಪವರ್ ಪ್ಲಸ್ ಎಂಬ ವಿದ್ಯುತ್ ಬಸ್ಸುಗಳೂ ಇವೆ. ನಿಗಮ 2023ರ ಜನವರಿಯಲ್ಲಿ ಅವುಗಳ ಓಡಾಟವನ್ನು ಆರಂಭಿಸಿದ್ದು ಇದೇ ಬೆಂಗಳೂರು–ಮೈಸೂರು ದಾರಿಯಲ್ಲಿ. ಎಂಜಿನ್ನಿನ ಸದ್ದಿಲ್ಲದ ಆ ಬಸ್ಸಿನಲ್ಲಿ ತೊಟ್ಟಿಲ ಕೂಸೂ ನಿದ್ದೆಯಿಂದ ಏಳುವುದಿಲ್ಲ.

ಮೂರು ಗಂಟೆಯ ಹಗಲು ಪ್ರಯಾಣಕ್ಕೆ ಕೆಂಪು ಬಸ್ಸು ಸಾಕು ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯ ಮಧ್ಯಾಹ್ನ, ಬೆನ್ನುನೋವು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಇಂಥ ಸಂದರ್ಭಗಳಲ್ಲಿ ಹೆಚ್ಚಿನ ದರ ಕೊಡುವುದಕ್ಕೆ ಹಿಂದೆಮುಂದೆ ನೋಡಬೇಕಾಗಿಲ್ಲ. 2025ರ ಜನವರಿಯಲ್ಲಿ ದರಗಳು ಶೇಕಡಾ 15ರಷ್ಟು ಏರಿದ್ದರಿಂದ ಹಳೆಯ ನೆನಪಿನ ಲೆಕ್ಕದಲ್ಲಿ ಹಣ ತರುವವರು ಸ್ವಲ್ಪ ಹೆಚ್ಚು ಇಟ್ಟುಕೊಳ್ಳಬೇಕು.

ಮಹಿಳೆಯರಿಗೆ ಎಲ್ಲ ಬಸ್ಸಿನಲ್ಲಿಯೂ ಉಚಿತವೇ?

ಎಲ್ಲದರಲ್ಲಿಯೂ ಅಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಪ್ರಕಾರ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ, ರಾಜ್ಯದ ಗಡಿಯೊಳಗೆ, ಕರ್ನಾಟಕದ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಉಚಿತ. ರಾಜಹಂಸ, ಐರಾವತ, ಸ್ಲೀಪರ್ ಮುಂತಾದ ಐಷಾರಾಮಿ ಬಸ್ಸುಗಳಿಗೆ ಹಣ ಕೊಡಬೇಕು. ಬೋರ್ಡಿನಲ್ಲಿ ಹೊರರಾಜ್ಯದ ಊರಿನ ಹೆಸರಿದ್ದರೆ ಯೋಜನೆ ಆ ಬಸ್ಸಿಗೂ ಅನ್ವಯವಾಗದು.

ಕರ್ನಾಟಕದ ವಿಳಾಸವಿರುವ, ಭಾವಚಿತ್ರವಿರುವ ಗುರುತಿನ ಚೀಟಿ ಬೇಕೇ ಬೇಕು: ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ಯಾವುದಾದರೂ ಆದೀತು. ಹಣ ಕೊಡದಿದ್ದರೂ ಶೂನ್ಯ ಮೊತ್ತದ ಟಿಕೆಟ್ ಪಡೆಯುವುದು ಕಡ್ಡಾಯ, ಇಳಿಯುವವರೆಗೆ ಅದನ್ನು ಜೋಪಾನ ಮಾಡಬೇಕು. ತಪಾಸಣೆಯವರು ಹತ್ತಿದಾಗ ‘ನನ್ನದು ಫ್ರೀ’ ಎಂದು ಹೇಳಿದರೆ ಸಾಲದು. ಇಲ್ಲಿಯೂ ಇಳಿಯುವ ಊರಿನ ಹೆಸರನ್ನು ಸರಿಯಾಗಿ ಹೇಳಬೇಕು. ಮದ್ದೂರಿಗೆ ಟಿಕೆಟ್ ಪಡೆದು ಮಂಡ್ಯದವರೆಗೆ ಕುಳಿತರೆ ಆ ಟಿಕೆಟಿನ ಬೆಲೆ ಮದ್ದೂರಿನಲ್ಲೇ ಮುಗಿದಿರುತ್ತದೆ.

ಗಂಡಸರಿಗೆ ಸೀಟೇ ಸಿಗುವುದಿಲ್ಲ ಎಂಬ ದೂರು ನನ್ನ ಕಿವಿಗೂ ಬೀಳುತ್ತದೆ. ಯೋಜನೆಯ ಆದೇಶದಲ್ಲಿಯೇ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಕಾದಿರಿಸಬೇಕೆಂದಿದೆ, ಕೇಳುವ ಹಕ್ಕು ಅವರಿಗಿದೆ. ಆದರೆ ಬೆಳಗಿನ ಏಳೂವರೆಯ ಮಂಡ್ಯದ ಬಸ್ಸಿನಲ್ಲಿ ಊಟದ ಡಬ್ಬಿ ಹಿಡಿದು ಮೈಸೂರಿನ ಅಂಗಡಿ, ಗಾರ್ಮೆಂಟ್ಸ್, ಕಾಲೇಜುಗಳಿಗೆ ಹೊರಟ ಹೆಣ್ಣುಮಕ್ಕಳನ್ನು ನೋಡಿದಾಗ, ಇವರಲ್ಲಿ ಎಷ್ಟು ಮಂದಿ ಬಸ್ಸಿನ ಖರ್ಚಿಗೆ ಹೆದರಿ ಮನೆಯಲ್ಲೇ ಉಳಿದಿದ್ದರೋ ಎಂದು ನನಗೆ ಅನ್ನಿಸದೆ ಇರುವುದಿಲ್ಲ.

ಮಕ್ಕಳು, ಹಿರಿಯ ನಾಗರಿಕರು ಮತ್ತು ಸಾಮಾನಿಗೆ ದರ ಹೇಗೆ?

ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. 60 ದಾಟಿದ ರಾಜ್ಯದ ಹಿರಿಯ ನಾಗರಿಕರಿಗೆ ಶೇಕಡಾ 25 ರಿಯಾಯಿತಿ ಇದೆ, ವಯಸ್ಸು ತೋರಿಸುವ ಗುರುತಿನ ಚೀಟಿ ಜೊತೆಗಿರಬೇಕು. ಒಬ್ಬ ಪ್ರಯಾಣಿಕರು 30 ಕಿಲೋದವರೆಗಿನ ಸ್ವಂತ ಸಾಮಾನನ್ನು ಉಚಿತವಾಗಿ ಒಯ್ಯಬಹುದು, ಅದಕ್ಕಿಂತ ಹೆಚ್ಚಾದರೆ ಲಗೇಜು ಚೀಟಿ ಪಡೆಯಬೇಕು. ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಬಾಳೆಗೊನೆ ತರುವವರು ಹತ್ತುವಾಗಲೇ ನಿರ್ವಾಹಕರಿಗೆ ತೋರಿಸಿದರೆ ನಡುದಾರಿಯಲ್ಲಿ ಮಾತು ಬೆಳೆಯುವುದಿಲ್ಲ. ಜೊತೆಯಲ್ಲಿ ಜನ ಹೋಗದೆ ಬರೀ ಪಾರ್ಸೆಲ್ ಕಳಿಸುವುದಾದರೆ ನಿಗಮದ ‘ನಮ್ಮ ಕಾರ್ಗೋ’ ಸೇವೆ ಇದೆ.

ಚಿಲ್ಲರೆಯ ಸಮಸ್ಯೆಗೆ ಏನು ಮಾಡಬೇಕು?

ಈಗ ಬಹಳಷ್ಟು ಬಸ್ಸುಗಳಲ್ಲಿ ನಿರ್ವಾಹಕರ ಯಂತ್ರದಲ್ಲಿಯೇ ಯುಪಿಐ ಮೂಲಕ ಹಣ ಕೊಡಬಹುದು. ಬೈಪಾಸುಗಳ ಮೇಲೆ ಕೆಲವೆಡೆ ನೆಟ್‌ವರ್ಕ್ ಸಿಗದಿರುವುದರಿಂದ ಬಸ್ಸು ನಿಲ್ದಾಣದಲ್ಲಿ ಇರುವಾಗಲೇ ಟಿಕೆಟ್ ಮುಗಿಸುವುದು ಕ್ಷೇಮ. ನೋಟು ಕೊಟ್ಟವರಿಗೆ ಹಳೆಯ ಪದ್ಧತಿಯೇ: ಕೊಡಬೇಕಾದ ಬಾಕಿಯನ್ನು ನಿರ್ವಾಹಕರು ಟಿಕೆಟಿನ ಬೆನ್ನಿಗೆ ಪೆನ್ನಿನಲ್ಲಿ ಬರೆದು, ಅದರ ಸುತ್ತ ಒಂದು ಗೆರೆ ಎಳೆದು ಕೊಡುತ್ತಾರೆ. ಆ ಚೀಟಿಯನ್ನು ಅಂಗಿಯ ಮೇಲು ಜೇಬಿನಲ್ಲಿ ಇಟ್ಟುಕೊಳ್ಳಿ. ಶ್ರೀರಂಗಪಟ್ಟಣ ದಾಟಿದ ಕೂಡಲೇ ಕೇಳಿ ಪಡೆಯಿರಿ. ಮೈಸೂರಿನ ನಿಲ್ದಾಣದಲ್ಲಿ ಎಲ್ಲರೂ ಒಟ್ಟಿಗೆ ಇಳಿಯುವಾಗ ನಿರ್ವಾಹಕರಿಗೂ ಕಷ್ಟ, ನಿಮಗೂ ಮರೆವು.

ಮುಂಗಡ ಬುಕಿಂಗ್ ಅಗತ್ಯವೇ?

ವಾರದ ನಡುವಿನ ಹಗಲಿಗೆ ಬೇಡ. ಶುಕ್ರವಾರ ಸಂಜೆ ಬೆಂಗಳೂರು ಬಿಡುವವರು, ಭಾನುವಾರ ಸಂಜೆ ಅಥವಾ ಸೋಮವಾರ ನಸುಕಿನಲ್ಲಿ ಮೈಸೂರು ಬಿಡುವವರು, ಯುಗಾದಿ, ಗೌರಿ–ಗಣೇಶ, ದಸರಾ, ದೀಪಾವಳಿಗೆ ಊರಿಗೆ ಬರುವವರು ಮಾಡಿಸಿಕೊಳ್ಳಲೇಬೇಕು. ಆ ದಿನಗಳಲ್ಲಿ ಸ್ಯಾಟಲೈಟಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ನಿಗಮದ ಜಾಲತಾಣ, ಆ್ಯಪ್, ನಿಲ್ದಾಣದ ಕೌಂಟರ್ ಮೂರರಲ್ಲಿಯೂ ಮಾಡಿಸಬಹುದು. ಖಾಸಗಿ ಬಸ್ಸಿನಲ್ಲಿ ಬರುವವರು ಹತ್ತುವ ಜಾಗದಷ್ಟೇ ಎಚ್ಚರದಿಂದ ಇಳಿಸುವ ಜಾಗವನ್ನೂ ಓದಿಕೊಳ್ಳಬೇಕು. ಕೆಲವು ದೂರದ ಬಸ್ಸುಗಳು ಊರೊಳಗೆ ಬರದೆ ರಿಂಗ್ ರಸ್ತೆಯಲ್ಲಿಯೇ ಇಳಿಸಿ ಮುಂದೆ ಹೋಗುತ್ತವೆ.

ಮೈಸೂರಿನಲ್ಲಿ ಎಲ್ಲಿ ಇಳಿಯಬೇಕು? ಬಸ್ ನಿಲ್ದಾಣ ಎರಡಿವೆಯಂತೆ?

ಹೌದು, ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಬೆಂಗಳೂರು–ನೀಲಗಿರಿ ರಸ್ತೆಯಲ್ಲಿರುವ ಗ್ರಾಮಾಂತರ ಬಸ್ ನಿಲ್ದಾಣಕ್ಕೆ ಹೊರ ಊರಿನ ಬಸ್ಸುಗಳು ಬರುತ್ತವೆ. ಹಳಬರ ಬಾಯಲ್ಲಿ ಅದು ‘ಸಬ್ ಅರ್ಬನ್ ಬಸ್ ಸ್ಟ್ಯಾಂಡ್’. ನಗರದೊಳಗಿನ ಬಡಾವಣೆಗಳಿಗೆ ಹೋಗುವ ಬಸ್ಸುಗಳು ಹೊರಡುವುದು ಅರಮನೆಯ ಹತ್ತಿರ, ಕೆ.ಆರ್. ವೃತ್ತದ ಪಕ್ಕದಲ್ಲಿರುವ ನಗರ ಬಸ್ ನಿಲ್ದಾಣದಿಂದ. ಎರಡರ ನಡುವೆ ಸುಮಾರು ಒಂದು ಕಿಲೋಮೀಟರ್. ಸಾಮಾನು ಕಡಿಮೆಯಿದ್ದರೆ ಅರಮನೆಯ ಕೋಟೆಯ ಬದಿಯಲ್ಲಿ ನಡೆದೇ ಹೋಗಬಹುದು, ಹದಿನೈದು ನಿಮಿಷ ಸಾಕು.

ಎಲ್ಲರೂ ನಿಲ್ದಾಣದವರೆಗೆ ಬರಬೇಕಾಗಿಯೂ ಇಲ್ಲ. ಬೆಂಗಳೂರಿನಿಂದ ಬರುವ ಬಸ್ಸುಗಳು ನಗರವನ್ನು ಹೊಗುವಾಗ ರಿಂಗ್ ರಸ್ತೆ ಕೂಡುವಲ್ಲಿ, ಇಂದಿಗೂ ಜನ ‘ಕೊಲಂಬಿಯಾ ಏಷ್ಯಾ’ ಎಂದೇ ಕರೆಯುವ ಆಸ್ಪತ್ರೆಯ ಬಳಿ ನಿಲ್ಲಿಸುವುದು ರೂಢಿ, ಆಮೇಲೆ ಬನ್ನಿಮಂಟಪದ ಎಲ್‌ಐಸಿ ವೃತ್ತದಲ್ಲಿ. ಹೆಬ್ಬಾಳು, ವಿಜಯನಗರ, ಬೋಗಾದಿಯ ಕಡೆಗೆ ಹೋಗುವವರು ರಿಂಗ್ ರಸ್ತೆಯಲ್ಲಿ ಇಳಿದರೆ ಊರೊಳಗಿನ ದಟ್ಟಣೆ ತಪ್ಪುತ್ತದೆ. ಮನೆಯವರು ಬಡಾವಣೆಯ ಹೆಸರನ್ನಷ್ಟೇ ಹೇಳಿದ್ದರೆ, ‘ನಾನು ಬಸ್ಸಿನಿಂದ ಎಲ್ಲಿ ಇಳಿಯಲಿ?’ ಎಂದು ಹೊರಡುವ ಮೊದಲೇ ಅವರನ್ನು ಕೇಳಿಕೊಳ್ಳಿ. ರೈಲು ನಿಲ್ದಾಣ ಗ್ರಾಮಾಂತರ ನಿಲ್ದಾಣದಿಂದ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿದೆ, ಆಟೋ ಹಿಡಿಯುವುದು ಲೇಸು.

ನಿಲ್ದಾಣದಿಂದ ಚಾಮುಂಡಿ ಬೆಟ್ಟಕ್ಕೆ ಹೇಗೆ ಹೋಗಬೇಕು?

ನಗರ ಬಸ್ ನಿಲ್ದಾಣಕ್ಕೆ ಹೋಗಿ 201ನೇ ನಂಬರಿನ ಬಸ್ಸನ್ನು ಹಿಡಿಯಬೇಕು. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಲಲಿತ ಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಿಂದ ಸಾರಿಗೆ ಬಸ್ಸಿನಲ್ಲಿ ಭಕ್ತರನ್ನು ಕರೆದೊಯ್ಯುತ್ತಾರೆ. ಮೃಗಾಲಯಕ್ಕೆ ಹೋಗುವವರು ಅದಕ್ಕೆ ಮಂಗಳವಾರ ರಜೆ ಎಂಬುದನ್ನು ನೆನಪಿಡಬೇಕು. ಮಕ್ಕಳನ್ನು ಕರೆತಂದು ಮುಚ್ಚಿದ ಗೇಟಿನ ಮುಂದೆ ನಿಂತವರ ಮುಖ ನೋಡಲಾಗುವುದಿಲ್ಲ.

ದಸರಾ ಸಮಯದಲ್ಲಿ ಬಸ್ಸಿನಲ್ಲಿ ಬರಬಹುದೇ?

ಖಂಡಿತ ಬರಬಹುದು, ಕಾರಿಗಿಂತ ಬಸ್ಸೇ ಮೇಲು. ವಿಶೇಷ ಬಸ್ಸುಗಳನ್ನೂ ಬಿಡುತ್ತಾರೆ. ಆದರೆ ವಿಜಯದಶಮಿಯ ದಿನ ಬರುವವರು ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಜಂಬೂಸವಾರಿ ಅರಮನೆಯಿಂದ ಹೊರಟು, ಕೆ.ಆರ್. ವೃತ್ತದ ಮೂಲಕ ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗಿ ಬನ್ನಿಮಂಟಪ ಸೇರುತ್ತದೆ, ಸುಮಾರು ಐದು ಕಿಲೋಮೀಟರ್. ಈ ಗೆರೆ ಊರನ್ನು ಎರಡು ಹೋಳು ಮಾಡುತ್ತದೆ: ಗ್ರಾಮಾಂತರ ಬಸ್ ನಿಲ್ದಾಣ ಅದರ ಪೂರ್ವಕ್ಕೆ, ರೈಲು ನಿಲ್ದಾಣ ಪಶ್ಚಿಮಕ್ಕೆ. ಬೆಳಗ್ಗೆಯಿಂದಲೇ ಪೊಲೀಸರು ತಡೆಗಂಬಗಳನ್ನು ಹಾಕುತ್ತಾರೆ. ನಂತರ ಒಂದು ಬದಿಯಿಂದ ಇನ್ನೊಂದು ಬದಿಗೆ ಆಟೋ ಇರಲಿ, ಕಾಲ್ನಡಿಗೆಯಲ್ಲೂ ದಾಟುವುದು ಕಷ್ಟ. ನೀವು ಮೆರವಣಿಗೆ ನೋಡುವ ಜಾಗ ಯಾವ ಬದಿಯಲ್ಲಿದೆ, ರಾತ್ರಿ ಹಿಂದಿರುಗುವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಬಸ್ಸುಗಳ ದಾರಿಯನ್ನೂ ತಾತ್ಕಾಲಿಕ ನಿಲುಗಡೆಗಳನ್ನೂ ಆಯಾ ವರ್ಷ ಪ್ರಕಟಿಸುತ್ತಾರೆ, ಸ್ಥಳೀಯ ಪತ್ರಿಕೆಗಳ ಮೇಲೆ ಕಣ್ಣು ಹಾಯಿಸಿದರೆ ಸಿಗುತ್ತದೆ. ಹಿಂದಿನ ದಿನವೇ ಬಂದು ಉಳಿಯುವ ಅನುಕೂಲವಿದ್ದವರು ಹಾಗೆಯೇ ಮಾಡಲಿ.

ಊಟಿ, ವಯನಾಡಿನ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಮೈಸೂರಿಗೆ ಬರಬಹುದೇ?

ಈ ಎರಡೂ ದಾರಿಗಳು ಬಂಡೀಪುರದ ಕಾಡಿನೊಳಗೆ ಹಾದು ಗುಂಡ್ಲುಪೇಟೆಯಲ್ಲಿ ಕೂಡುತ್ತವೆ. 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ತುರ್ತು ವಾಹನಗಳಿಗೂ ಎಣಿಕೆಯ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಎಚ್.ಡಿ. ಕೋಟೆ, ಬಾವಲಿಯ ಮೇಲೆ ಮಾನಂದವಾಡಿಗೆ ಹೋಗುವ ದಾರಿ ನಾಗರಹೊಳೆಯ ಕಾಡಿನದು, ಅದು ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ. ಆದ್ದರಿಂದ ಊಟಿಯಿಂದ ಮಧ್ಯಾಹ್ನದೊಳಗೆ ಹೊರಡುವ ಬಸ್ಸನ್ನು ನಂಬಿಕೊಳ್ಳುವುದು ಸರಿ. ಗೇಟು ಮುಚ್ಚುವ ಹೊತ್ತಿಗೆ ಬಸ್ಸು ಆಚೆ ಬದಿಯಲ್ಲಿ ಉಳಿದರೆ ಬೆಳಗಿನವರೆಗೆ ಕಾಯದೆ ಗತಿಯಿಲ್ಲ.

ಈ ನಿರ್ಬಂಧದ ಬಗ್ಗೆ ಬೇಸರಪಡುವವರಿಗೆ ನನ್ನದೊಂದು ಮಾತು. ಒಮ್ಮೆ ಮುಸ್ಸಂಜೆಯ ಬಸ್ಸಿನಲ್ಲಿ ಬರುವಾಗ, ಮೇಲುಕಾಮನಹಳ್ಳಿಗೆ ಮೊದಲು ಚಾಲಕರು ದೀಪ ತಗ್ಗಿಸಿ ಬಸ್ಸನ್ನು ನಿಲ್ಲಿಸಿದರು. ಒಂದು ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೇ ಅಂಟಿಕೊಂಡಂತೆ ನಡೆಯುವ ಮರಿ, ಎರಡೂ ನಿಧಾನವಾಗಿ ರಸ್ತೆ ದಾಟಿದವು. ಬಸ್ಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ರಾತ್ರಿಯ ಆ ಒಂಬತ್ತು ಗಂಟೆಗಳು ಅವುಗಳಿಗೆ ಸೇರಬೇಕಾದದ್ದೇ.

ಮಂಗಳೂರು, ಮಡಿಕೇರಿಯ ಕಡೆಯಿಂದ ಬರುವವರು ಮಳೆಗಾಲದಲ್ಲಿ ಏನು ನೋಡಿಕೊಳ್ಳಬೇಕು?

ಮಡಿಕೇರಿಯಿಂದ ಕುಶಾಲನಗರ, ಹುಣಸೂರಿನ ಮೇಲೆ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಈ ಭಾಗ ಮಳೆಗಾಲದಲ್ಲೂ ಸಾಮಾನ್ಯವಾಗಿ ಸುಗಮ. ತೊಂದರೆಯಿರುವುದು ಮಡಿಕೇರಿಗೂ ಸಂಪಾಜೆಗೂ ನಡುವಿನ ಘಟ್ಟದಲ್ಲಿ. 2018ರ ಆಗಸ್ಟ್‌ನ ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿದು ರಸ್ತೆಯೇ ಕೊಚ್ಚಿಹೋಗಿತ್ತು. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನಿಂದ ಹೊರಡುವವರು ಆ ದಿನ ಬೆಳಗ್ಗೆ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಬೇಕು. ಹೊಟ್ಟೆ ತೊಳಸುವವರು ಹಿಂದಿನ ಸೀಟನ್ನು ಬಿಟ್ಟು ಬಸ್ಸಿನ ಮುಂದಿನ ಅರ್ಧದಲ್ಲಿ ಕೂರಲಿ, ಒಂದು ನಿಂಬೆಹಣ್ಣು ಕೈಯಲ್ಲಿರಲಿ.

ವಿಮಾನದಲ್ಲಿ ಬಂದವರು ಬೆಂಗಳೂರಿನೊಳಗೆ ಹೋಗದೆ ನೇರವಾಗಿ ಬರಬಹುದೇ?

ಬರಬಹುದು. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮೈಸೂರಿಗೆ ‘ಫ್ಲೈ ಬಸ್’ ಹೆಸರಿನ ಹವಾನಿಯಂತ್ರಿತ ಬಸ್ಸುಗಳಿವೆ. ವಿಮಾನ ತಡವಾಗುವುದನ್ನು ಲೆಕ್ಕ ಹಾಕಿ, ಇಳಿಯುವ ಸಮಯಕ್ಕೂ ಬಸ್ಸಿಗೂ ನಡುವೆ ಒಂದೂವರೆ ಗಂಟೆಯಾದರೂ ಬಿಟ್ಟು ಬುಕಿಂಗ್ ಮಾಡಿಸಿ.

ಕಿಟಕಿಯ ಸೀಟು ಯಾವ ಬದಿಗೆ ಒಳ್ಳೆಯದು? ದಾರಿಯಲ್ಲಿ ತಿನ್ನಲು ನಿಲ್ಲಿಸುತ್ತಾರೆಯೇ?

ಬೆಂಗಳೂರಿನಿಂದ ಬರುವಾಗ ಬೆಳಗಿನ ಬಿಸಿಲು ಎಡಬದಿಗೆ, ಮಧ್ಯಾಹ್ನದ ನಂತರ ಬಲಬದಿಗೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಚಾಮುಂಡಿ ಬೆಟ್ಟ ಎಡಗಡೆಗೆ ಕಾಣಿಸಿಕೊಳ್ಳುತ್ತದೆ, ದೂರದ ಊರುಗಳಲ್ಲಿ ದುಡಿದು ಬರುವ ಮೈಸೂರಿನವರು ಕೈ ಮುಗಿಯುವುದು ಆಗಲೇ.

ತಡೆರಹಿತ ಬಸ್ಸು ತಿಂಡಿಗೆ ನಿಲ್ಲಿಸುವುದಿಲ್ಲ. ಮಧುಮೇಹ ಇರುವವರು, ಚಿಕ್ಕ ಮಕ್ಕಳು ಇರುವವರು ನೀರು, ಬಿಸ್ಕತ್ತು ಇಟ್ಟುಕೊಂಡು, ಶೌಚಾಲಯಕ್ಕೆ ಹೋಗಿ ಬಂದೇ ಹತ್ತಬೇಕು. ಊರೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಈ ಚಿಂತೆಯಿಲ್ಲ. ಚನ್ನಪಟ್ಟಣದಲ್ಲಿ ಸೌತೆಕಾಯಿ, ಮದ್ದೂರಿನಲ್ಲಿ ಎಣ್ಣೆ ಒಸರುವ ಕಾಗದದಲ್ಲಿ ಸುತ್ತಿದ ವಡೆ ಬಸ್ಸಿನೊಳಕ್ಕೇ ಬರುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಸುತ್ತ ಆಲೆಮನೆಯ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಅವಸರವಿಲ್ಲದ ದಿನ ನಾನು ಈ ಬಸ್ಸನ್ನೇ ಹತ್ತುತ್ತೇನೆ.

ಬಸ್ಸಿನಲ್ಲಿ ಚೀಲ ಬಿಟ್ಟು ಇಳಿದರೆ ಸಿಗುತ್ತದೆಯೇ?

ಟಿಕೆಟ್ ಇದ್ದರೆ ಸಿಗುವ ಸಾಧ್ಯತೆ ಹೆಚ್ಚು. ಅದರ ಮೇಲಿನ ಸಮಯ ಮತ್ತು ಘಟಕದ ವಿವರ ಹಿಡಿದು ನಿಲ್ದಾಣದ ಸಂಚಾರ ನಿಯಂತ್ರಕರ ಬಳಿ ತಕ್ಷಣ ಹೋದರೆ ಅವರು ನಿರ್ವಾಹಕರಿಗೆ ಫೋನ್ ಮಾಡಬಲ್ಲರು. ಹತ್ತುವಾಗ ಬಸ್ಸಿನ ನಂಬರಿನ ಒಂದು ಫೋಟೋ ತೆಗೆದುಕೊಳ್ಳುವ ಅಭ್ಯಾಸ ಒಳ್ಳೆಯದು. ಕೆಎ 09 ಎಫ್ ಎಂದು ಶುರುವಾದರೆ ಮೈಸೂರಿನಲ್ಲಿ, ಕೆಎ 11 ಎಫ್ ಆದರೆ ಮಂಡ್ಯದಲ್ಲಿ ನೋಂದಣಿಯಾದ ಬಸ್ಸು. ಬದಿಯಲ್ಲಿ ವಿಭಾಗದ ಹೆಸರೂ ಇರುತ್ತದೆ. ರಾತ್ರಿ ಒಂಟಿಯಾಗಿ ಬರುವ ಮಗಳು ಆ ಫೋಟೋವನ್ನು ಮನೆಗೆ ಕಳಿಸಿದರೆ ಅಪ್ಪ ಅಮ್ಮನಿಗೂ ಸಮಾಧಾನ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಬೇಕು.

ನಡುರಾತ್ರಿ ಮೈಸೂರಿಗೆ ಬಂದಿಳಿದರೆ ಏನು ಮಾಡಬೇಕು?

ಬೆಂಗಳೂರು–ಮೈಸೂರು ನಡುವೆ ರಾತ್ರಿಯಿಡೀ ಬಸ್ಸುಗಳಿವೆ, ಆದ್ದರಿಂದ ಗ್ರಾಮಾಂತರ ನಿಲ್ದಾಣದಲ್ಲಿ ಯಾವ ಹೊತ್ತಿನಲ್ಲೂ ಜನ, ದೀಪ, ಚಹಾ ಇರುತ್ತದೆ. ನಗರದ ಬಸ್ಸುಗಳು ಮಾತ್ರ ಬೆಳಗಾಗುವವರೆಗೆ ಇಲ್ಲ. ಕರೆದೊಯ್ಯಲು ಮನೆಯವರು ಬರುವುದಾದರೆ ರಿಂಗ್ ರಸ್ತೆಯಲ್ಲಿ ಇಳಿಯದೆ ನಿಲ್ದಾಣದವರೆಗೂ ಬನ್ನಿ, ನಿಲ್ದಾಣದ ಒಳಗೇ ಕಾಯಿರಿ. ಹಗಲಿನಲ್ಲಿ ಅನುಕೂಲವಾದ ನಿಲುಗಡೆ ರಾತ್ರಿ ಎರಡಕ್ಕೆ ಬರೀ ಒಂದು ಸಿಗ್ನಲ್ ಕಂಬ. ಯಾರೂ ಬರುವವರಿಲ್ಲದಿದ್ದರೆ, ದೂರದ ಬಡಾವಣೆಗೆ ಆ ಹೊತ್ತಿನಲ್ಲಿ ಆಟೋದವರು ಕೇಳುವ ದುಡ್ಡಿನ ಚೌಕಾಸಿಗಿಂತ, ಕುಟುಂಬಗಳು ಕುಳಿತಿರುವ ಬೆಂಚಿನ ಬದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕು ಹರಿಯುವವರೆಗೆ ಕೂರುವುದೇ ಮೇಲು. ಐದೂವರೆ, ಆರರ ಹೊತ್ತಿಗೆ ಅರಮನೆಯ ಬದಿಯಲ್ಲಿ ನಡೆದು ನಗರ ನಿಲ್ದಾಣ ಸೇರಿದರೆ ಬಡಾವಣೆಯ ಮೊದಲ ಬಸ್ಸುಗಳು ಹೊರಡಲು ನಿಂತಿರುತ್ತವೆ.